ದ್ರೌಪದಮ್ಮ ಹಾಕಿದ ಕಾಜಾ

ಸಮವಸ್ತ್ರ ಆಕಾಶದಿಂದ ಉದುರುವುದಿಲ್ಲ. ಯಾರೋ ಅಳತೆ ತೆಗೆದಿರುತ್ತಾರೆ, ಯಾರೋ ಕತ್ತರಿ ಆಡಿಸಿರುತ್ತಾರೆ, ಯಾರೋ ಕೂತು ಗುಂಡಿ ಕಟ್ಟಿರುತ್ತಾರೆ. ಪಡೆಯ ಕ್ಯಾಂಪು ಇರುವ ಊರಿನಲ್ಲೆಲ್ಲ, ಗೇಟಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಬ್ಬ ದರ್ಜಿ ಇದ್ದೇ ಇರುತ್ತಾನೆ. ಯಲಹಂಕದಲ್ಲಿ ಮನೆ ಮಾಡಿಕೊಂಡಿರುವ ನಮಗೆ ಇದು ಗೊತ್ತಿರಬೇಕಾದ ಮಾತು. ಗೊತ್ತಿತ್ತು ಕೂಡ. ಆದರೂ ಹಳೇ ಪೇಟೆಯ ಅಕ್ಬರ್ ಪಾಷಾ ಅವರನ್ನು ‘ಮಿಲಿಟರಿ ಬಟ್ಟೆ ಹೊಲಿಯುತ್ತಿದ್ದ’ ಎಂಬ ಕಾರಣಕ್ಕೆ ಜೀಪು ಹತ್ತಿಸಿದ ದಿನ, ಇಡೀ ಬೀದಿ ಆ ಸುದ್ದಿಯನ್ನು ಅವತ್ತೇ ಕೇಳಿದ ಹಾಗೆ ಹುಬ್ಬೇರಿಸಿ ನಿಂತಿತು.

ಹುಬ್ಬೇರಿಸದೆ ನಿಂತವಳು ದ್ರೌಪದಮ್ಮ ಒಬ್ಬಳೇ. ಅವಳ ಕೈಯಲ್ಲಿ ಸೂಜಿ ಇತ್ತು, ಸೂಜಿಯಲ್ಲಿ ದಾರ ಇತ್ತು, ಪಕ್ಕದಲ್ಲಿ ಇನ್ನೂ ಗುಂಡಿ ತೂತು ಬೀಳದ ಹದಿನಾಲ್ಕು ಅಂಗಿ ಇದ್ದವು. ಅಂಗಿಗಳನ್ನು ಪೊಲೀಸರು ಗಂಟು ಕಟ್ಟಿಕೊಂಡು ಹೋದರು. ಸೂಜಿ ಅವಳ ಕೈಯಲ್ಲೇ ಉಳಿಯಿತು.

ದ್ರೌಪದಮ್ಮನಿಗೆ ಈಗ ಐವತ್ತಾರು. ಹುಟ್ಟಿದ್ದು ರಾಜಾನುಕುಂಟೆಯಿಂದ ಒಳಗಿನ ಒಂದು ಹಳ್ಳಿಯಲ್ಲಿ, ಮದುವೆಯಾಗಿ ಬಂದದ್ದು ಯಲಹಂಕಕ್ಕೆ. ಗಂಡ ಬಸ್ ಡಿಪೋದಲ್ಲಿ ಟೈರು ಬಿಚ್ಚಿ ಹಾಕುವ ಕೆಲಸದಲ್ಲಿದ್ದ. ಮಗಳು ಭಾಗ್ಯಶ್ರೀ ಮೂರನೇ ಕ್ಲಾಸಿನಲ್ಲಿದ್ದಾಗ ಕಾಮಾಲೆಯಲ್ಲಿ ಹೋದ. ಮೂರು ತಿಂಗಳು ಕಳೆದ ಮೇಲೆ ಅವಳು ಗಂಡನ ಖಾಕಿ ಅಂಗಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ‘ಪರೇಡ್ ಟೈಲರ್ಸ್’ ಎಂಬ ಬೋರ್ಡಿನ ಕೆಳಗೆ ಬಂದು ನಿಂತಳು. ನನಗೆ ಕಾಜಾ ಹಾಕಲು ಬರುತ್ತದೆ, ಕೆಲಸ ಇದ್ದರೆ ಕೊಡಿ ಎಂದಳು. ಕಾಜಾ ಎಂದರೆ ಗುಂಡಿ ತೂರುವ ತೂತಿನ ಅಂಚನ್ನು ದಾರದಿಂದ ಕಟ್ಟುವುದು. ಅಂಗಿ ಹೊಲಿಯುವುದರಲ್ಲಿ ಕಟ್ಟಕಡೆಯ ಕೆಲಸ. ದರ್ಜಿಯ ಹೆಸರು ಹೇಳಿ ಹೊಗಳುವವರಿದ್ದಾರೆ, ಕಾಜಾ ಹಾಕಿದವಳ ಹೆಸರು ಕೇಳಿದವರು ಯಾರೂ ಇಲ್ಲ.

ಅಕ್ಬರ್ ಪಾಷಾ ಆ ಖಾಕಿ ಅಂಗಿಯನ್ನು ಕೈಗೆ ತೆಗೆದುಕೊಂಡು ಗುಂಡಿಪಟ್ಟಿಯನ್ನು ಮಡಚಿ ಹಿಂಭಾಗ ನೋಡಿದರು.

“ಮುಂದ್ಗಡೆ ಎಲ್ಲಾರ್ದೂ ಚೆನ್ನಾಗೇ ಇರ್ತದೆ ಅಕ್ಕಾ. ಹಿಂದ್ಗಡೆ ನೋಡಿದ್ರೇ ಗೊತ್ತಾಗೋದು, ಕೈ ಯಾರ್ದು ಅಂತ.”

ಆಮೇಲೆ ಮೂಲೆಯ ಸ್ಟೂಲು ತೋರಿಸಿದರು. ಇಪ್ಪತ್ತೆರಡು ವರ್ಷ ಆ ಸ್ಟೂಲು ಅವಳದೇ.

ಗಂಟೆಗೆ ನೂರು ಕಾಜಾ ಹಾಕುವ ಮಿಷಿನ್ನು ಪಕ್ಕದ ಬೀದಿಗೇ ಬಂದಿತ್ತು. ಪಾಷಾ ಅತ್ತ ತಿರುಗಿ ನೋಡಲಿಲ್ಲ. ಜವಾನ ಎದೆಯ ಮೇಲೆ ತೆವಳುತ್ತಾನೆ, ಮಿಷಿನ್ ಕಾಜಾ ಮೂರು ತಿಂಗಳಿಗೆ ಬಾಯಿ ಬಿಡುತ್ತದೆ, ಗುಂಡಿ ಜಾರಿದರೆ ಚಳಿ ಒಳಗೆ ನುಗ್ಗುತ್ತದೆ ಎನ್ನುವುದು ಅವರ ವಾದ. ದ್ರೌಪದಮ್ಮ ದಾರವನ್ನು ಜೇನುಮೇಣದ ಮೇಲೆ ಎರಡು ಸಲ ಎಳೆಯುತ್ತಿದ್ದಳು. ತೂತಿನ ಸುತ್ತ ಒಂದು ದಪ್ಪ ದಾರ ಮಲಗಿಸಿ, ಅದರ ಮೇಲೆ ಒಂದೊಂದೇ ಗಂಟು ಹಾಕುತ್ತ ಸುತ್ತು ಬಂದು, ಕೆಳತುದಿಯಲ್ಲಿ ಮೂರು ಅಡ್ಡ ಹೊಲಿಗೆ ಹಾಕಿ ಕತ್ತರಿಸುತ್ತಿದ್ದಳು. ಮೂರೇ. ಎರಡಾದರೆ ಬಿಚ್ಚುತ್ತದೆ, ನಾಲ್ಕಾದರೆ ಗುಂಡಿಗೆ ತಡೆಯುತ್ತದೆ. ತಿರುಗಿಸಿ ನೋಡಿದರೆ ಹಿಂದೆಯೂ ಮುಂದಿನಷ್ಟೇ ಅಚ್ಚುಕಟ್ಟು.

ಅಂಗಡಿಗೆ ಬರುವ ಜವಾನರ ಹೆಸರು ಅವಳಿಗೆ ನೆನಪಿರುತ್ತಿರಲಿಲ್ಲ, ಮೈ ನೆನಪಿರುತ್ತಿತ್ತು. ಒಬ್ಬ ‘ಉದ್ದ ಕತ್ತು’, ಒಬ್ಬ ‘ನಲವತ್ತೆರಡು ಎದೆ’, ವಿಜಯಪುರದ ಕಡೆಯ ಒಬ್ಬ ಹವಾಲ್ದಾರನಿಗೆ ಎಡಭುಜ ಅರ್ಧ ಇಂಚು ಇಳಿದಿದ್ದರಿಂದ ಅವನು ‘ಎಡಭುಜ’. ಪಾಷಾ ಅಳತೆ ಬರೆಯುತ್ತಿದ್ದ ಕೆಂಪು ಬಟ್ಟೆಯ ರಟ್ಟಿನ ಪುಸ್ತಕ ಉರ್ದುವಿನಲ್ಲಿತ್ತು. ಅದರ ಅಂಕಿಗಳನ್ನೂ, ಭುಜ, ಎದೆ, ತೋಳು ಎನ್ನುವ ನಾಲ್ಕಾರು ಮಾತುಗಳನ್ನೂ ಓದಲು ಅವಳು ಕಲಿತಿದ್ದಳು. ಕನ್ನಡದಲ್ಲಿ ನಾನು ನಾಲ್ಕನೇ ಕ್ಲಾಸು, ಉರ್ದುವಿನಲ್ಲಿ ಮೂವತ್ತೆಂಟು ಇಂಚು ಎಂದು ತಾನೇ ನಗುತ್ತಿದ್ದಳು.

ಆ ಪುಸ್ತಕದಲ್ಲಿ ಅಳತೆಯ ಜೊತೆಗೆ ಇನ್ನೆರಡು ಸಂಗತಿ ಬರೆಯುವ ಅಭ್ಯಾಸ ಶುರುವಾದದ್ದು ಅವಳಿಂದಲೇ. ಹತ್ತು ವರ್ಷದ ಹಿಂದೆ, ಬೀದರ್ ಕಡೆಯ ಹೊಸ ಜವಾನನೊಬ್ಬ ಅಂಗಿಗೆ ಅಳತೆ ಕೊಟ್ಟು ಹೋಗಿದ್ದ. ಮಂಗಳವಾರ ಮಧ್ಯಾಹ್ನ ಬಂದು ಕೇಳಿದಾಗ ಕರೆಂಟು ಹೋಗಿ ಕೆಲಸ ನಿಂತಿತ್ತು. ನಾಳೆ ಬಾಪ್ಪಾ ಎಂದರು. ಅವನ ರೈಲು ಮಂಗಳವಾರ ಸಂಜೆಯೇ ಇತ್ತೆಂದು ಇವರಿಗೆ ಗೊತ್ತಿರಲಿಲ್ಲ; ಅವನಿಗೆ ಹೇಳಲು ಸಂಕೋಚವಾಗಿರಬೇಕು. ಅಂಗಿ ಹನ್ನೊಂದು ತಿಂಗಳು ಮೊಳೆಯಲ್ಲಿ ತೂಗಿತು. ಅವನು ಬರಲೇ ಇಲ್ಲ. ಬೇರೆ ಊರಿನಲ್ಲಿ ಸುಖವಾಗಿದ್ದನೋ, ಇಲ್ಲವೋ. ಪ್ರತಿದಿನ ಆ ಅಂಗಿಯ ಕೆಳಗೇ ಕೂರಬೇಕಿದ್ದ ದ್ರೌಪದಮ್ಮ ಒಂದು ದಿನ ತಡೆಯಲಾರದೆ ಹೇಳಿದಳು.

“ಪಾಷಣ್ಣ, ಅಳ್ತೆ ಜೊತೆಗೆ ಅವ್ರು ಓಗೋ ದಿನಾನೂ ಬರ್ಕೊಂಬುಡಿ. ಎಲ್ಲಿಗ್ ಓಯ್ತಾರೆ ಅಂತಾನೂ ಬರ್ಕೊಳಿ. ಚಳಿ ಸೀಮೆ ಆದ್ರೆ ಒಳ್ಗೆ ಸ್ವೆಟ್ರು ಆಕ್ಕೊಂತಾರೆ, ಎದೆ ಒಂದ್ ಬೆರಳು ಸಡ್ಲ ಇರ್ಲಿ.”

ಬಲು ಒಳ್ಳೆಯ ಮಾತು ಅಕ್ಕಾ ಎಂದು ಪಾಷಾ ಅಂದಿನಿಂದ ಬರೆದುಕೊಂಡರು. ಹೆಸರು, ಅಳತೆ, ಹೋಗುವ ದಿನ, ಹೋಗುವ ಊರು. ಒಂಬತ್ತು ವರ್ಷ, ನಾನೂರ ಹನ್ನೊಂದು ಜವಾನರು. ಆಮೇಲೆ ಒಬ್ಬನ ಅಂಗಿಯೂ ಮೊಳೆಯಲ್ಲಿ ಉಳಿಯಲಿಲ್ಲ.

ಇನ್ನೊಂದು ಅಭ್ಯಾಸವಿತ್ತು. ಸಮವಸ್ತ್ರದ ಬಟ್ಟೆಯನ್ನು ಜವಾನರೇ ತಂದುಕೊಡುತ್ತಿದ್ದರು; ಕತ್ತರಿಸಿ ಉಳಿದ ಚೂರುಗಳನ್ನು ಬೇರೆ ದರ್ಜಿಗಳು ಚೀಲ, ಟೋಪಿ ಮಾಡಿ ಮಾರುತ್ತಿದ್ದರು. ಪಾಷಾ ಮಾರುತ್ತಿರಲಿಲ್ಲ. ಈ ಬಟ್ಟೆ ಅಂಗೈಯಗಲ ಕೂಡ ಅಡ್ಡ ಕೈಗೆ ಹೋಗಬಾರದು, ಯಾವ ಕಳ್ಳ ಏನು ಮಾಡಿಕೊಳ್ಳುತ್ತಾನೋ ಎನ್ನುತ್ತಿದ್ದರು. ಪ್ರತಿ ಶನಿವಾರ ಮಧ್ಯಾಹ್ನ ಅಂಗಡಿಯ ಹಿಂದಿನ ತಗಡಿನ ಡ್ರಮ್ಮಿನಲ್ಲಿ ಚೂರುಗಳನ್ನು ಹಾಕಿ ಸುಡುವುದು. ಕಡ್ಡಿ ಗೀರುವುದು ದ್ರೌಪದಮ್ಮನ ಪಾಲಿನ ಕೆಲಸ. ಹೀಗೆ ಮಾಡಿ ಎಂದು ಯಾವ ಸರ್ಕಾರವೂ ಅವರಿಗೆ ಹೇಳಿರಲಿಲ್ಲ. ಪಕ್ಕದ ಮೊಬೈಲ್ ಅಂಗಡಿಯ ಗಿರಿ ಒಂದು ಶನಿವಾರ ಇದನ್ನು ಫೋನಿನಲ್ಲಿ ತೆಗೆದು, ‘ಬೆಂಕಿ ಅಂಕಲ್’ ಎಂದು ಹಾಡು ಸೇರಿಸಿ ಹಾಕಿದ್ದ. ಪಾಷಾ ನೋಡಿ ನಕ್ಕಿದ್ದರು.

ಇಷ್ಟೇ ಅವರ ಅಪರಾಧ. ಒಂದು ಕರುಣೆಯದು, ಒಂದು ಎಚ್ಚರಿಕೆಯದು.

ದಾಳಿ ನಡೆದದ್ದು ಗುರುವಾರ ಬೆಳಿಗ್ಗೆ. ದೂರದ ಗುಡ್ಡಗಾಡಿನ ರಾಜ್ಯದಲ್ಲಿ ಒಂದೇ ಗಂಟೆಯೊಳಗೆ ನಾಲ್ಕು ಊರಿನಲ್ಲಿ: ಒಂದು ಚೌಕಿ, ಒಂದು ಜೈಲು, ಒಂದು ಬಸ್ ನಿಲ್ದಾಣ, ಒಂದು ಆಸ್ಪತ್ರೆ. ಬಂಡುಕೋರರು ಸೈನಿಕರ ಸಮವಸ್ತ್ರದಲ್ಲೇ ಬಂದಿದ್ದರಂತೆ. ಅರವತ್ಮೂರು ಜನ ಸತ್ತರು. ಟಿ.ವಿ. ಮುಂದೆ ಕೂತ ದ್ರೌಪದಮ್ಮ ಸೆರಗು ಬಾಯಿಗಿಟ್ಟುಕೊಂಡು ಆ ನಾಲ್ಕು ಊರಿನ ಹೆಸರು ಕೇಳಿಸಿಕೊಂಡಳು. ಅದರಲ್ಲಿ ಒಂದು ಹೆಸರು ಕೆಂಪು ಪುಸ್ತಕದಲ್ಲಿ ಐದಾರು ಸಲ ಬಂದಿತ್ತು. ಸತ್ತವರ ಪಟ್ಟಿ ಹೊರಗೆ ಬರುವವರೆಗೂ ಪಾಷಾ ಕತ್ತರಿ ಮುಟ್ಟಲಿಲ್ಲ.

ಸರ್ಕಾರ ಎದ್ದು ನಿಂತಿತು, ಏಳಲೇಬೇಕಿತ್ತು. ಅಲ್ಲಿ ಕರ್ಫ್ಯೂ, ಇಂಟರ್ನೆಟ್ ಬಂದ್, ಗುಡ್ಡದ ಮೇಲೆ ಹೆಲಿಕಾಪ್ಟರು. ಇಲ್ಲಿ ಯಲಹಂಕದ ನೆತ್ತಿಯ ಮೇಲೆ ಹಗಲೆಲ್ಲ ಭಾರಿ ವಿಮಾನಗಳ ಸದ್ದು. ಜಕ್ಕೂರಿನವರು ಬಿಸಿಲುಮಚ್ಚಿಗೆ ಹತ್ತಿ ವಿಡಿಯೋ ಮಾಡಿದರು. ತುರ್ತು ಆದೇಶವೊಂದು ಹೊರಟಿತು: ಆರು ತಿಂಗಳು ಕಾರಣ ಹೇಳದೆ ಯಾರನ್ನಾದರೂ ಇಟ್ಟುಕೊಳ್ಳಬಹುದು. ಮಂತ್ರಿಗಳು ಮೈಕಿನ ಮುಂದೆ, ದೇಶದ ಮೂಲೆಮೂಲೆಯಲ್ಲೂ ಸಮವಸ್ತ್ರದ ಜಾಲವನ್ನು ಬೇರುಸಹಿತ ಕೀಳುತ್ತೇವೆ ಎಂದರು. ನಾಲ್ಕು ಊರಿಗೆ ಬಂಡುಕೋರರು ಲಾರಿಗಟ್ಟಲೆ ಬಂದೂಕು ಹೊತ್ತುಕೊಂಡು ಹೋಗುವಾಗ ಯಾವ ಕಣ್ಣು ಮುಚ್ಚಿತ್ತು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಮೇಲೆಲ್ಲೋ ಹುಡುಕಬೇಕಾಗುತ್ತಿತ್ತು. ದರ್ಜಿಯನ್ನು ಹುಡುಕುವುದು ಸುಲಭ. ಅವನ ಅಂಗಡಿಗೆ ಬೋರ್ಡಿರುತ್ತದೆ.

ಮರುವಾರದ ಶುಕ್ರವಾರ ಹನ್ನೊಂದು ಗಂಟೆಗೆ ಜೀಪು ಬಂತು. ಪಾಷಾ ಜುಮ್ಮಾ ನಮಾಜಿಗೆಂದು ಬಿಳಿ ಜುಬ್ಬಾ ಹಾಕಿಕೊಂಡು, ಅದರ ಮೇಲೆ ಅಳತೆ ಟೇಪು ನೇತುಹಾಕಿಕೊಂಡು ಕೂತಿದ್ದರು. ಒಂದು ಸಣ್ಣ ವಿಚಾರಣೆ, ಸಂಜೆಗೆ ಬಿಡುತ್ತೇವೆ ಎಂದರು. ಕೆಂಪು ಪುಸ್ತಕ, ಕತ್ತರಿ, ಹದಿನಾಲ್ಕು ಅಂಗಿ, ಡ್ರಮ್ಮಿನ ತಳದ ಬೂದಿ ಕೂಡ ಪ್ಲಾಸ್ಟಿಕ್ ಕವರಿಗೆ ಹೋಯಿತು. ಆ ಸಂಜೆ ಇಂದಿಗೂ ಆಗಿಲ್ಲ. ಇಂದಿಗೆ ಮೂವತ್ತೊಂದು ದಿನ.

ಮಧ್ಯಾಹ್ನಕ್ಕೆಲ್ಲ ಚಾನೆಲ್ಲಿನವರು ಬಂದರು. ಗಿರಿ ತನ್ನ ಹಳೇ ವಿಡಿಯೋ ಕೊಟ್ಟ. ಈಗ ಅದಕ್ಕೆ ಹಾಡು ಇರಲಿಲ್ಲ, ಕೆಂಪು ಬಾಣದ ಗುರುತು ಇತ್ತು. ಸಾಕ್ಷ್ಯ ಸುಡುತ್ತಿರುವ ದರ್ಜಿ. ದ್ರೌಪದಮ್ಮ ಹೋಗಿ ಇದೇನು ಮಾಡಿದೆ ಅಂದಾಗ ಅವನು ಕಣ್ಣು ಕೆಳಗೆ ಹಾಕಿದ.

“ಪೊಲೀಸ್ರೂ ಕೇಳಿದ್ರು ಆಂಟಿ. ಕೊಡ್ಲಿಲ್ಲ ಅಂದ್ರೆ ನಾನೂ ಒಳಗೆ. ಅಂಕಲ್ ಏನೂ ಮಾಡಿಲ್ಲ ಅಂದ್ರೆ ಬಿಡ್ತಾರಲ್ವಾ?”

ಏನೂ ಮಾಡದಿದ್ದರೆ ಬಿಡುತ್ತಾರೆ. ಈ ಮಾತನ್ನು ಆ ವಾರ ಬೀದಿಯಲ್ಲಿ ಎಷ್ಟು ಜನ ಹೇಳಿದರು. ಬೇಕರಿಯವನು ಹೇಳಿದ, ಹಾಲಿನವನು ಹೇಳಿದ, ಮೂರು ತಲೆಮಾರಿನಿಂದ ಪಾಷಾ ಮನೆಯಲ್ಲಿ ಹಬ್ಬದ ಸುರಕುಂಬಾ ಪಾಯಸ ಕುಡಿದವರೂ ಹೇಳಿದರು. ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಪಾಷಾ ಅವರ ಹೆಂಡತಿ ಜಹೀರಾಗೆ ಅದೇ ಅಂಗಡಿಗಳಲ್ಲಿ ‘ಹಾಲು ಖಾಲಿ’, ‘ಬನ್ನು ಖಾಲಿ’. ಹತ್ತು ನಿಮಿಷ ಗಂಡನನ್ನು ನೋಡಲು ಬಿಟ್ಟಾಗ ಪಾಷಾ ತಮ್ಮ ಬಗ್ಗೆ ಒಂದು ಮಾತೂ ಆಡಲಿಲ್ಲವಂತೆ. ಹದಿನಾಲ್ಕು ಅಂಗಿ ಬಾಕಿ ಇದೆ, ಜವಾನರಿಗೆ ಬೇರೆ ಕಡೆ ಹೊಲಿಸಿಕೊಳ್ಳಲು ಹೇಳಿ, ಅವರಲ್ಲಿ ಇಬ್ಬರು ಹದಿನೆಂಟನೇ ತಾರೀಖಿಗೆ ಹೊರಡುತ್ತಾರೆ ಎಂದರಂತೆ.

ಅದೇ ವಾರ ಒಂದು ರಾತ್ರಿಯ ಸುದ್ದಿಯಲ್ಲಿ, ಸತ್ತ ಬಂಡುಕೋರನೊಬ್ಬನ ಮೈಮೇಲಿಂದ ತೆಗೆದ ಅಂಗಿಯನ್ನು ಮೇಜಿನ ಮೇಲೆ ಹರಡಿ ತೋರಿಸಿದರು. ಕ್ಯಾಮೆರಾ ಹತ್ತಿರ ಹೋಯಿತು. ದ್ರೌಪದಮ್ಮ ಎದ್ದು ಟಿ.ವಿ. ಹತ್ತಿರ ಹೋಗಿ ಮೂಗು ತಗುಲುವಷ್ಟು ಬಗ್ಗಿದಳು. ಗುಂಡಿ ತೂತಿನ ಎರಡು ಅಂಚಲ್ಲೂ ಹಲ್ಲುಹಲ್ಲಾದ ಹೊಲಿಗೆ, ಮಧ್ಯೆ ಸೀಳಿದ ಕಡೆ ಕಿತ್ತು ನಿಂತ ನೂಲು.

“ಭಾಗ್ಯಾ, ಇದು ಮಿಷಿನ್ ಕಾಜಾ ಕಣೇ. ನಂದಲ್ಲ.”

ಅವಳಿಗೆ ಆ ಕ್ಷಣ ಎಲ್ಲ ಮುಗಿದ ಹಾಗೆ ಅನಿಸಿತು. ನಾಳೆ ಹೋಗಿ ಹೇಳಿದರೆ ಪಾಷಣ್ಣ ಸಂಜೆಗೆ ಮನೆಗೆ. ಹಾಗೆಂದು ಅವಳು ನಿಜವಾಗಿ ನಂಬಿದ್ದಳು.

ಭಾಗ್ಯಶ್ರೀ ನಂಬಲಿಲ್ಲ. ಅವಳು ವಿಮಾನ ನಿಲ್ದಾಣದಲ್ಲಿ ಟ್ರಾಲಿ ವಿಭಾಗದ ಸೂಪರ್‌ವೈಸರ್. ಒಳಗೆ ಹೋಗುವ ಪಾಸು ಅದೇ ತಿಂಗಳು ನವೀಕರಣಕ್ಕೆ ಬಂದಿತ್ತು. ಪೊಲೀಸರ ಸಹಿ ಬೇಕು. ಪಾಸಿಲ್ಲದಿದ್ದರೆ ಕೆಲಸವಿಲ್ಲ.

“ಅವ್ರೇನು ನಿನ್ ಅಣ್ಣಾನಾ, ತಮ್ಮಾನಾ? ಸುಮ್ನಿರಮ್ಮ,” ಎಂದಳು.

“ನಿನ್ ಇಸ್ಕೂಲ್ ಯೂನಿಫಾರಂ ಏಳ್ ವರ್ಸ ಒಲ್ದೋರು ಯಾರು? ಪ್ರತಿ ವರ್ಸ ಬಿಚ್ಚಿ ಉದ್ದ ಮಾಡಕ್ಕೆ ಒಳ್ಗೆ ಮಡ್ಕೆ ಬಿಟ್ಟೋರು ಯಾರು?”

ಮಗಳು ಆಗಲೂ ಒಪ್ಪಲಿಲ್ಲ.

ಠಾಣೆಯ ಬೆಂಚಿನ ಮೇಲೆ ದ್ರೌಪದಮ್ಮ ಮೂರು ದಿನ ಕೂತಳು. ಸಾಹೇಬರು ಮೀಟಿಂಗು, ಸಾಹೇಬರು ಬಂದೋಬಸ್ತು, ಸಾಹೇಬರು ಊಟ. ಮೂರನೇ ದಿನ ನಾಲ್ಕು ಗಂಟೆಗೆ ಒಳಗೆ ಕರೆದರು. ಅವಳು ಗಂಡನ ಖಾಕಿ ಅಂಗಿಯನ್ನು ಮೇಜಿನ ಮೇಲಿಟ್ಟು, ಪಟ್ಟಿ ಮಡಚಿ ಹಿಂಭಾಗ ತೋರಿಸಿ, ಟಿ.ವಿ.ಯ ಅಂಗಿಗೂ ಇದಕ್ಕೂ ಇರುವ ವ್ಯತ್ಯಾಸ ಬಿಡಿಸಿ ಹೇಳಿದಳು. ಇನ್‌ಸ್ಪೆಕ್ಟರ್ ಪೂರ್ತಿ ಕೇಳಿದ.

“ಅಂದ್ರೆ ಗುಂಡಿ ತೂತು ನೋಡಿ ಕೇಸ್ ಕ್ಲೋಸ್ ಮಾಡ್ಲಾ?” ಎಂದ. ಬಾಗಿಲಲ್ಲಿ ನಿಂತ ಇಬ್ಬರು ನಕ್ಕರು. “ಇದು ಡಿಪೋ ಖಾಕಿ, ನಿನ್ ಮನೇದು. ನಿನ್ನೆ ಹಾಕಿರ್ಬೋದು ಕಾಜಾ. ಅಂಗಡೀಲಿ ಸಿಕ್ಕ ಹದಿನಾಲ್ಕು ಅಂಗೀಲಿ ಒಂದಕ್ಕೂ ತೂತೇ ಇಲ್ವಲ್ಲ.”

“ಕಾಜಾ ಕೊನೇ ಕೆಲ್ಸ ಸಾರ್. ಅದ್ಕೆ ಮುಂಚೇನೇ ನೀವು ಎತ್ಕೊಂಡ್ ಬಂದ್ರಿ.”

ಅವನು ಕೆಂಪು ಪುಸ್ತಕ ತೆರೆದ. ಪಕ್ಕದಲ್ಲಿ ಅದರ ಅನುವಾದ, ಟೈಪಾಗಿ, ಸಾಲುಸಾಲಾಗಿ.

“ನಾನೂರ ಹನ್ನೊಂದು ಜವಾನರು. ಯಾವತ್ತು ಹೋಗ್ತಾರೆ, ಎಲ್ಲಿಗೆ ಹೋಗ್ತಾರೆ. ದರ್ಜಿಗೆ ಯಾಕಮ್ಮ ಇದೆಲ್ಲ?”

ದ್ರೌಪದಮ್ಮನಿಗೆ ಬೀದರಿನ ಜವಾನನ ಅಂಗಿ ಮೊಳೆಯಲ್ಲಿ ತೂಗುತ್ತಿದ್ದದ್ದು ಕಣ್ಣಿಗೆ ಬಂತು.

“ಬರ್ಕೊಳ್ಳಿ ಅಂದಿದ್ದು ನಾನು ಸಾರ್.”

“ಬಟ್ಟೆ ಸುಟ್ಟಿದ್ದು?”

“ಕಡ್ಡಿ ಗೀರ್ತಿದ್ದೋಳೂ ನಾನೇ.”

ನಗು ನಿಂತಿತು. ಇನ್‌ಸ್ಪೆಕ್ಟರ್ ಪುಸ್ತಕ ಮುಚ್ಚಿ, ಮೊದಲಿಗಿಂತ ಮೆತ್ತಗೆ ಮಾತಾಡಿದ.

“ಬರ್ದುಕೊಡ್ತೀಯಾ? ಬರ್ದುಕೊಟ್ರೆ ಕೇಸಲ್ಲಿ ಎರಡನೇ ಹೆಸ್ರು ನಿಂದು. ಯೋಚ್ನೆ ಮಾಡು. ಮಗ್ಳು ಏರ್‌ಪೋರ್ಟಲ್ಲಿ ಇದಾಳಲ್ವಾ?”

ಮಗಳ ಮಾತನ್ನು ಅವಳು ಅಲ್ಲಿ ಎತ್ತಿರಲೇ ಇಲ್ಲ.

ಅವತ್ತು ಅವಳು ಬರೆದುಕೊಡಲಿಲ್ಲ. ಖಾಕಿ ಅಂಗಿ ಮಡಚಿಕೊಂಡು ಎದ್ದು ಬಂದಳು. ಕಾಲು ತಾನಾಗಿ ಕ್ಯಾಂಪಿನ ಕಡೆ ಹೊರಳಿತು. ನಾನೂರು ಜನರಲ್ಲಿ ಒಬ್ಬ ಬಂದು ಅಂಗಿ ತೋರಿಸಿದರೆ ಸಾಕು, ಬರೆದುಕೊಡುವ ಪ್ರಮೇಯವೇ ಬರುವುದಿಲ್ಲ ಎಂದು ಲೆಕ್ಕ ಹಾಕಿದಳು. ಹೆದರಿದ ತಾಯಿಯ ಲೆಕ್ಕ ಅದು. ತಪ್ಪು ಎನ್ನಲು ನಮಗೆ ಬಾಯಿಲ್ಲ.

ಗೇಟಿನಲ್ಲಿ ನಿಂತಿದ್ದವನು ‘ಎಡಭುಜ’. ಸಂಜೆಯ ಬಿಸಿಲು ನೇರ ಅವನ ಎದೆಗೆ ಬೀಳುತ್ತಿತ್ತು. ಕಾಲರಿನಿಂದ ಬೆಲ್ಟಿನವರೆಗೆ ಸಾಲಾಗಿ ಅವಳ ಕಾಜಾ. ನಾಲ್ಕನೆಯದರ ದಾರ ಮಿಕ್ಕವಕ್ಕಿಂತ ಒಂದು ಛಾಯೆ ತಿಳಿ, ಅವತ್ತು ಹಳೇ ರೀಲು ಮುಗಿದು ಹೊಸದು ಹಾಕಿದ್ದು ಅವಳಿಗೆ ನೆನಪಿತ್ತು. ಸಾಕ್ಷಿ ಅಲ್ಲೇ ನಿಂತಿತ್ತು, ಬೂಟು ಹಾಕಿಕೊಂಡು, ಬಂದೂಕು ಹಿಡಿದುಕೊಂಡು.

ಅವಳು ಹತ್ತಿರ ಹೋಗಿ ವಿಷಯ ಹೇಳಿದಳು. ಅವನ ಕಣ್ಣು ರಸ್ತೆಯ ಮೇಲೇ ಇತ್ತು, ತುಟಿ ಮಾತ್ರ ಆಡಿತು.

“ಎಲ್ಲಾ ಗೊತ್ತೈತಿ ಬೇ. ಪಾಷಾ ಚಾಚಾ ಎಂಥವ್ರು ಅಂತ ನನಗ ಗೊತ್ತಿಲ್ಲೇನು? ಆದ್ರ ಈ ಅಂಗಿ ನಂದಲ್ಲ, ಸರ್ಕಾರದ್ದು. ಬಾಯಿ ತೆಗೀಬ್ಯಾಡ್ರಿ ಅಂತ ಆರ್ಡರ್ ಐತಿ.”

“ಅಂಗಿ ಸರ್ಕಾರದ್ದಪ್ಪ. ನಿನ್ ಎಡಭುಜಕ್ಕೆ ಅರ್ಧ ಇಂಚು ಪ್ಯಾಡ್ ಕೊಟ್ಟಿದ್ದು ಸರ್ಕಾರಾನಾ?”

ಒಳಗಿನಿಂದ ಯಾರೋ ಕೂಗಿದರು. ಹೋಗು ಬೇ ಎಂದು ಅವನು ಒಂದು ಹೆಜ್ಜೆ ಹಿಂದೆ ಸರಿದು ನೆಟ್ಟಗೆ ನಿಂತ. ಆ ಅಂಗಿಯಲ್ಲಿ ಅವನ ಎರಡು ಭುಜವೂ ಸಮವಾಗಿ ಕಾಣುತ್ತಿದ್ದವು.

ಮನೆಗೆ ಬರುವ ದಾರಿಯಲ್ಲಿ ದ್ರೌಪದಮ್ಮನಿಗೆ ಅಳು ಬರಲಿಲ್ಲ. ಸಿಟ್ಟು ಬಂತು. ಬಂದೂಕು ಹಿಡಿದವನಿಗೇ ಬಾಯಿ ತೆಗೆಯಲು ಹೆದರಿಕೆಯಾದರೆ ಸೂಜಿ ಹಿಡಿದವಳೇ ತೆಗೆಯಬೇಕು ಎಂದು ತೀರ್ಮಾನ ಮಾಡಿಕೊಂಡಳು. ಮರುದಿನ ಹತ್ತು ಗಂಟೆಗೆ ಠಾಣೆಗೆ ಹೋಗಿ, ಪಾಷಾ ಪರ ನಿಂತಿದ್ದ ಆರ್.ಟಿ. ನಗರದ ವಕೀಲ ಮುಜಫ್ಫರ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ದಿನಾಂಕ ಬರೆಯಲು ಹೇಳಿದ್ದು ತಾನು, ಯಾಕೆ ಹೇಳಿದ್ದು, ಚೂರು ಸುಟ್ಟದ್ದು ತಾನು, ಯಾಕೆ ಸುಟ್ಟದ್ದು, ಕಾಜಾ ಹಾಕಿದ್ದು ತಾನು, ಹೇಗೆ ಹಾಕಿದ್ದು ಎಂದು ಮೂರು ಪುಟ ಹೇಳಿ ಬರೆಸಿ, ನಾಲ್ಕನೇ ಕ್ಲಾಸಿನ ಅಕ್ಷರದಲ್ಲಿ ಸಹಿ ಹಾಕಿದಳು. ಊರು ಬಿಡಬಾರದು ಎಂದು ಹೇಳಿ ಕಳಿಸಿದರು.

ನಾಲ್ಕನೇ ದಿನ ಭಾಗ್ಯಶ್ರೀ ಮಧ್ಯಾಹ್ನಕ್ಕೇ ಮನೆಗೆ ಬಂದಳು. ಕತ್ತಿನಲ್ಲಿ ಪಾಸಿನ ಪಟ್ಟಿ ಇತ್ತು, ಪಾಸು ಇರಲಿಲ್ಲ. ‘ಪರಿಶೀಲನೆಯಲ್ಲಿದೆ’ ಎಂದರಂತೆ. ಮಗಳು ಒಂದು ಚೊಂಬು ನೀರು ಕುಡಿದು, ಗೋಡೆಗೆ ಒರಗಿ ಕೂತು ಹೇಳಿದಳು.

“ಬರ್ದುಕೊಟ್ಟಾಯ್ತಲ್ಲ. ಇನ್ನು ಅರ್ಧಕ್ಕೆ ಬಿಟ್ಟೆ ಅಂದ್ರೆ ನಾನ್ ನಿನ್ನ ಮಾತಾಡ್ಸಲ್ಲ. ನಡಿ, ಯಾರ್ ಯಾರ್ ಮನೆ ಗೊತ್ತು ತೋರ್ಸು.”

ಮುಜಫ್ಫರ್ ಮೊದಲೇ ಹೇಳಿದ್ದರು: ದ್ರೌಪದಮ್ಮನ ಮಾತೊಂದೇ ಸಾಲದು. ಪಾಷಾ ಹೊಲಿದ ಅಂಗಿಯನ್ನು, ಅದನ್ನು ತೊಟ್ಟವನೇ ತಂದು, ತನ್ನ ಹೆಸರು ಹೇಳಿ ತೋರಿಸಬೇಕು. ಐದಾರು ಅಂಗಿ ಬಂದರೆ ನ್ಯಾಯಾಧೀಶರು ದಾಳಿಯ ಅಂಗಿಯ ಪಕ್ಕದಲ್ಲಿಟ್ಟು ನೋಡಲು ಒಪ್ಪಬಹುದು. ಸೇವೆಯಲ್ಲಿರುವವರು ಬರಲಾರರು, ನಿವೃತ್ತರಾದರೂ ಬರಲಿ. ತಾಯಿ ಮಗಳು ಹನ್ನೆರಡು ದಿನ ಜಕ್ಕೂರು, ಸಂಜಯನಗರ, ಹೆಬ್ಬಾಳ ಸುತ್ತಿದರು. ಒಂದು ಮನೆಯಲ್ಲಿ ಅಂಗಿಯನ್ನು ಪಾತ್ರೆಯವಳಿಗೆ ಹಾಕಿ ಸ್ಟೀಲ್ ಡಬ್ಬಿ ತಗೊಂಡೆವು ಎಂದರು. ಒಂದು ಮನೆಯಲ್ಲಿ ಸಾಹೇಬರು ಮಲಗಿದ್ದಾರೆ ಎಂದರು. ಸಾಹೇಬರ ಕೆಮ್ಮು ಒಳಗಿನಿಂದ ಕೇಳುತ್ತಿತ್ತು. ಒಬ್ಬರು ಗೋಡೆಯ ಮೇಲೆ ಪದಕಗಳ ಕೆಳಗೆ ಕೂರಿಸಿ ಕಾಫಿ ಕೊಟ್ಟು, ಮಗನಿಗೆ ಸಂಬಂಧ ನೋಡುತ್ತಿದ್ದೇವೆ, ಈಗ ಕೋರ್ಟು ಗೀರ್ಟು ಬೇಡ ಎಂದರು.

ಸಂಜಯನಗರದ ನಿವೃತ್ತರೊಬ್ಬರು ಸ್ಕೂಟರು ಒರೆಸುತ್ತ ನಿಂತಿದ್ದರು. ಅವರ ಕೈಯಲ್ಲಿದ್ದ ಬಟ್ಟೆಯ ಚೂರನ್ನು ದ್ರೌಪದಮ್ಮ ಗೇಟಿನಿಂದಲೇ ಗುರುತು ಹಿಡಿದಳು. ಗ್ರೀಸು ಮೆತ್ತಿದ ಗುಂಡಿಪಟ್ಟಿ, ಅದರಲ್ಲಿ ಒಂದು ಕಾಜಾ, ಕೆಳತುದಿಯಲ್ಲಿ ಮೂರು ಅಡ್ಡ ಹೊಲಿಗೆ. ಹನ್ನೊಂದು ವರ್ಷವಾದರೂ ಒಂದು ಎಳೆ ಬಿಚ್ಚಿರಲಿಲ್ಲ. ಅವರು ಚೂರನ್ನು ಕೊಟ್ಟರು. ತಗೊಂಡು ಹೋಗಮ್ಮ, ನನ್ನ ಹೆಸರು ಮಾತ್ರ ಹೇಳಬೇಡ ಎಂದರು. ಹೆಸರಿಲ್ಲದ ಚೂರು ಕೋರ್ಟಿನಲ್ಲಿ ಬರೀ ಚೂರು ಎಂದು ಮುಜಫ್ಫರ್ ಅದನ್ನು ಅವಳಿಗೇ ಮರಳಿ ಕೊಟ್ಟರು.

ಅರವತ್ಮೂರು ಜನ ಸತ್ತಿದ್ದಾರೆ. ಅವರಿಗೆ ನ್ಯಾಯ ಬೇಕು. ಹಲ್ಲುಹಲ್ಲಾದ ಮಿಷಿನ್ ಕಾಜಾ ಹಾಕಿದ ಆ ಅಂಗಿಯನ್ನು ನಿಜವಾಗಿ ಹೊಲಿದವನು, ಹೊಲಿಸಿದವನು, ಸಾಗಿಸಿದವನು ಎಲ್ಲೋ ನೆಮ್ಮದಿಯಿಂದ ಇದ್ದಾನೆ. ಯಲಹಂಕದ ದರ್ಜಿ ಒಳಗಿರುವಷ್ಟು ದಿನ ಅವನನ್ನು ಹುಡುಕುವವರಿಲ್ಲ. ನಮ್ಮ ಸುಮ್ಮನಿರುವಿಕೆ ಪಾಷಾ ಅವರಿಗೆ ಮಾಡಿದ ಅನ್ಯಾಯ ಎಂದುಕೊಂಡಿದ್ದರೆ ಅದು ಅರ್ಧ ಮಾತು. ಸತ್ತವರಿಗೂ ನಾವು ಮಾಡುತ್ತಿರುವ ದ್ರೋಹ ಅದು.

ದ್ರೌಪದಮ್ಮ ಈಗಲೂ ದಿನಾ ಬೆಳಿಗ್ಗೆ ಹೋಗಿ ಬೀಗ ಹಾಕಿದ ಅಂಗಡಿಯ ಕಟ್ಟೆಯ ಮೇಲೆ ಒಂದು ಗಂಟೆ ಕೂರುತ್ತಾಳೆ. ಪಕ್ಕದಲ್ಲಿ ಗ್ರೀಸಿನ ಚೂರು, ಗಂಡನ ಖಾಕಿ. ಯಾರಾದರೂ ಅಂಗಿ ತಂದರೆ ತಾನು ಅಲ್ಲಿರಬೇಕು ಎಂದು.

ಕೋರ್ಟಿನಲ್ಲಿ ವಿಚಾರಣೆ ಬರುವ ಸೋಮವಾರ, ಬೆಳಿಗ್ಗೆ ಹತ್ತೂವರೆಗೆ. ಈ ಬರಹ ಓದುತ್ತಿರುವ ನೀವು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯಾದರೂ ಪರೇಡ್ ಟೈಲರ್ಸ್‌ನಲ್ಲಿ ಅಳತೆ ಕೊಟ್ಟಿದ್ದರೆ, ನಿಮ್ಮ ಅಪ್ಪನೋ ಅಣ್ಣನೋ ಕೊಟ್ಟಿದ್ದರೆ, ಈಗಲೇ ಎದ್ದು ಬೀರು ತೆಗೆಯಿರಿ. ಕೆಳಗಿನ ಅರೆಯಲ್ಲಿ, ಹಳೇ ಟ್ರಂಕಿನಲ್ಲಿ, ಒರೆಸುವ ಬಟ್ಟೆಗಳ ನಡುವೆ ಹುಡುಕಿ. ಅಂಗಿ ಸಿಕ್ಕರೆ ಗುಂಡಿಪಟ್ಟಿ ಮಡಚಿ ಹಿಂಭಾಗ ನೋಡಿ. ಮೂರು ಅಡ್ಡ ಹೊಲಿಗೆ ಇದ್ದರೆ ಆ ಅಂಗಿ ತೆಗೆದುಕೊಂಡು ಸೋಮವಾರ ಬನ್ನಿ. ಬಂದು ನಿಮ್ಮ ಹೆಸರು ಹೇಳಿ.